ಪಟ್ಟಿಯಲ್ಲಿ ಕಾಫಿಯೇ ಇರಲಿಲ್ಲ: ಚಿಕ್ಕಮಗಳೂರಿನ ಒಂದು ವಾರಾಂತ್ಯದ ಪ್ರಕರಣ

ಬೆಂಗಳೂರಿನ ಒಂದು ಕುಟುಂಬ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲಿನ ಶನಿವಾರ-ಭಾನುವಾರ, ನಮ್ಮ ಹೋಮ್‌ಸ್ಟೇಗೆ ಬಂದಿತ್ತು. ಅಜ್ಜಿ, ಮಗ, ಸೊಸೆ, ಏಳನೇ ಕ್ಲಾಸಿನ ಹುಡುಗಿ, ಒಂದನೇ ಕ್ಲಾಸಿನ ಹುಡುಗ. ಐದು ಜನ, ಒಂದು ಕಾರು. ಅವರ ಎರಡು ದಿನ ಹೇಗೆ ಕಳೆಯಿತು ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಕಾಫಿ ಸೀಮೆಗೆ ಬರುವ ಹೆಚ್ಚಿನ ಕುಟುಂಬಗಳ ವಾರಾಂತ್ಯ ಹೀಗೇ ಶುರುವಾಗುತ್ತದೆ. ಇವರದ್ದು ಮಾತ್ರ ಮಧ್ಯದಲ್ಲಿ ಬೇರೆ ದಾರಿ ಹಿಡಿಯಿತು. ಬರೆಯಲು ಅವರ ಒಪ್ಪಿಗೆ ಇದೆ. ಹೆಸರು ಮಾತ್ರ ಬೇಡ ಅಂದಿದ್ದಾರೆ.

ನಮ್ಮದು ಚಿಕ್ಕಮಗಳೂರು ಪೇಟೆಯಿಂದ ಗಿರಿ ಕಡೆ ಹೋಗುವಾಗ ರಸ್ತೆಯಿಂದ ಒಳಗೆ ಸಿಗುವ ಸಣ್ಣ ತೋಟ. ಕಾಫಿಯಲ್ಲಿ ಜಾಸ್ತಿ ಅರೇಬಿಕಾ ಜಾತಿ, ತಗ್ಗಿನಲ್ಲಿ ಸ್ವಲ್ಪ ರೋಬಸ್ಟಾ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸು. ಹಳೇ ಮನೆಯ ಪಕ್ಕ ಮೂರು ರೂಮು ಕಟ್ಟಿದ್ದೇವೆ. ತೋಟದ ಉಸಾಬರಿ ನಮ್ಮನೆಯವರದ್ದು. ರೂಮು, ಅಡುಗೆ ನನ್ನದು ಮತ್ತು ಅತ್ತೆಯದ್ದು.

ಬರುವ ಮೊದಲೇ ಬಂದ ಪಟ್ಟಿ

ರೂಮು ಗೊತ್ತುಮಾಡಿದ ದಿನವೇ ಮಗ ವಾಟ್ಸಾಪಿನಲ್ಲಿ ಒಂದು ಪಟ್ಟಿ ಕಳಿಸಿದ್ದರು. ಶನಿವಾರ ಬೆಳಿಗ್ಗೆ ಬೇಲೂರು, ಹಳೇಬೀಡು. ಹನ್ನೆರಡಕ್ಕೆ ನಮ್ಮಲ್ಲಿ ಊಟ. ಸಂಜೆ ಮುಳ್ಳಯ್ಯನಗಿರಿಯಲ್ಲಿ ಸೂರ್ಯಾಸ್ತ. ಭಾನುವಾರ ಬಾಬಾಬುಡನ್‌ಗಿರಿ, ಝರಿ ಫಾಲ್ಸ್, ಹಿರೇಕೊಳಲೆ ಕೆರೆ, ಆಮೇಲೆ ವಾಪಸ್. ಕೊನೆಯಲ್ಲಿ ಒಂದು ಸಾಲು: ‘ಟೈಮ್ ಸಿಕ್ಕರೆ ಎಸ್ಟೇಟ್ ವಾಕ್.’

ಪಟ್ಟಿಯ ಮೇಲೆ ‘ಕಾಫಿ ನಾಡಿನ ಪ್ರವಾಸ’ ಅಂತ ದಪ್ಪಕ್ಷರದಲ್ಲಿ ಇತ್ತು. ಕಾಫಿ ಮಾತ್ರ ‘ಟೈಮ್ ಸಿಕ್ಕರೆ’!

ಲೆಕ್ಕ ಹಾಕಿದರೆ ಟೈಮ್ ಸಿಗುವ ಹಾಗೇ ಇರಲಿಲ್ಲ. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹಾಸನ, ಬೇಲೂರು ಮೇಲೆ ಹೆಚ್ಚುಕಡಿಮೆ 245 ಕಿಲೋಮೀಟರ್. ತಿಂಡಿಗೆ ನಿಲ್ಲಿಸಿ, ಮಕ್ಕಳನ್ನು ಇಳಿಸಿ ಹತ್ತಿಸಿ ಬಂದರೆ ಐದೂವರೆ-ಆರು ಗಂಟೆ. ಹೋಗುವಾಗಲೂ ಅಷ್ಟೇ. ಹಳೇಬೀಡಿಗೆ ಹೋಗಿ ಬರಲು ಒಂದು ಗಂಟೆ. ಗಿರಿಯ ತಿರುವು ರಸ್ತೆಯಲ್ಲಿ ವಾರಾಂತ್ಯದ ದಟ್ಟಣೆ ಬೇರೆ. ಎರಡು ದಿನದ ಬೆಳಕಿನ ಹೊತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಾರಿನಲ್ಲೇ ಹೋಗುತ್ತದೆ.

ಸೂರ್ಯಾಸ್ತದ ಆಸೆಗೂ ಒಂದು ತೊಡಕಿತ್ತು. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಹೋಗುವ ವಾಹನಗಳು ಮೊದಲೇ ಆನ್‌ಲೈನಿನಲ್ಲಿ ನೋಂದಣಿ ಮಾಡಿಸಬೇಕು ಅಂತ ಜಿಲ್ಲಾಡಳಿತ 2025ರಲ್ಲಿ ನಿಯಮ ತಂದಿದೆ. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನದ ಮೇಲೆ ಒಂದು ಪಾಳಿ. ಪಾಳಿಗೆ ಇಷ್ಟೇ ವಾಹನ ಅಂತ ಮಿತಿ ಇದೆ. ಮಧ್ಯಾಹ್ನದ ಪಾಳಿ ಸಂಜೆಗೇ ಮುಗಿಯುತ್ತದೆ. ಇದನ್ನು ಫೋನಿನಲ್ಲಿ ಹೇಳಿದಾಗ ಅವರು ಶನಿವಾರ ಮಧ್ಯಾಹ್ನಕ್ಕೆ ಹೆಸರು ಬರೆಸಿದರು. ಸೂರ್ಯಾಸ್ತ ಇಲ್ಲದಿದ್ದರೆ ಬೇಡ, ಬೆಟ್ಟ ಸಾಕು ಅಂದರು. ನಿಯಮ ಕಿರಿಕಿರಿ ಅಂತ ಪ್ರವಾಸಿಗಳು ಗೊಣಗುತ್ತಾರೆ. ನಮ್ಮಂಥವರಿಗೆ ಅದರಿಂದ ಉಸಿರಾಡುವ ಹಾಗಾಗಿದೆ. ಮೊದಲು ಶನಿವಾರ ಬಂತೆಂದರೆ ಕೈಮರದಿಂದ ಮೇಲೆ ಕಾರುಗಳ ಸಾಲೇ ಸಾಲು. ಆ ಕಡೆ ತೋಟ ಇರುವವರು ಆಳುಗಳನ್ನು ಕರೆತರುವ ಜೀಪನ್ನೂ ಆ ಸಾಲಿನಲ್ಲೇ ನಿಲ್ಲಿಸಬೇಕಾಗಿತ್ತು.

ಶನಿವಾರ ಮಧ್ಯಾಹ್ನ: ಇಬ್ಬರು ಬೆಟ್ಟಕ್ಕೆ, ಮೂವರು ಕಣಕ್ಕೆ

ಹನ್ನೆರಡಕ್ಕೆ ಬರಬೇಕಾದವರು ಬಂದಿದ್ದು ಒಂದೂವರೆಗೆ. ಬೇಲೂರಿನಲ್ಲಿ ಅಜ್ಜಿ ಚೆನ್ನಕೇಶವನ ಗುಡಿ ಬಿಟ್ಟು ಏಳಲಿಲ್ಲವಂತೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿಯನ್ನು ಅರ್ಧ ಗಂಟೆಯಲ್ಲಿ ಮುಗಿಸುವ ಯೋಚನೆ ಮಾಡಿದ್ದೇ ಜಾಸ್ತಿಯಾಯಿತು. ಹಳೇಬೀಡನ್ನು ಅಲ್ಲೇ ಕೈಬಿಟ್ಟರು. ಬೇಲೂರು ದಾಟಿದ ಮೇಲೆ ಚಿಕ್ಕ ಹುಡುಗ ಕಾರಿನಲ್ಲೇ ವಾಂತಿ ಮಾಡಿದ್ದ. ನಮ್ಮ ಅಂಗಳದಲ್ಲಿ ಇಳಿದಾಗ ಅವನ ಮುಖ ಬಿಳಿಚಿಕೊಂಡಿತ್ತು. ಅಜ್ಜಿಗೆ ಮೊಣಕಾಲು ನೋವು. ಮುಳ್ಳಯ್ಯನಗಿರಿಯಲ್ಲಿ ಕಾರು ನಿಲ್ಲಿಸಿದ ಮೇಲೂ ನೂರಾರು ಮೆಟ್ಟಿಲು ಹತ್ತಬೇಕು.

ಊಟ ಮಾಡುತ್ತಾ ಮಗ ಗಡಿಯಾರ ನೋಡುತ್ತಿದ್ದರು. ಆಗ ತೀರ್ಮಾನ ಮಾಡಿದ್ದು ಸೊಸೆ. “ನೀವು, ಮಗಳು ಹೋಗಿ ಬನ್ನಿ. ಅತ್ತೆ, ನಾನು, ಇವನು ಇಲ್ಲೇ ಇರ್ತೀವಿ. ಇವನನ್ನ ಮತ್ತೆ ಆ ತಿರುವಿಗೆ ಕೂರಿಸೋಕಾಗಲ್ಲ.”

ಈ ಒಂದು ಮಾತಿನಿಂದ ಪ್ರಕರಣಕ್ಕೆ ಎರಡು ಭಾಗ ಆಯಿತು. ಒಂದೇ ಮಧ್ಯಾಹ್ನ, ಒಂದೇ ಮನೆಯವರು, ಎರಡು ಬೇರೆ ಬೇರೆ ಪ್ರವಾಸ.

ಬೆಟ್ಟಕ್ಕೆ ಹೋದವರದ್ದು ಬೇಗ ಹೇಳಿ ಮುಗಿಸಬಹುದು. ಹೋಗಿ ಬರಲು ನಾಲ್ಕು ಗಂಟೆಯ ಹತ್ತಿರ ಹಿಡಿಯಿತು. ಮೇಲೆ ನಿಂತಿದ್ದು ಅರ್ಧ ಗಂಟೆ. 1,930 ಮೀಟರ್ ಎತ್ತರ, ರಾಜ್ಯದಲ್ಲೇ ಎತ್ತರದ ಜಾಗ, ಗಾಳಿ ಅಂದರೆ ಗಾಳಿ. ಹುಡುಗಿಗೆ ತುಂಬಾ ಖುಷಿಯಾಗಿತ್ತು. ಅಪ್ಪನಿಗೆ ಬೆಳಿಗ್ಗೆ ಐದರಿಂದ ಸ್ಟೇರಿಂಗ್ ಹಿಡಿದು ಭುಜ ನೋವು.

ತೋಟದಲ್ಲಿ ಉಳಿದವರ ವಿಷಯ ಹೇಳುವ ಮೊದಲು ಒಂದು ಮಾತು. ಜನವರಿಯಲ್ಲಿ ಕಾಫಿ ತೋಟದ ದಿನದಲ್ಲಿ ನೋಡುವಂಥ ಕೆಲಸ ನಡೆಯುವುದು ಬೆಳಿಗ್ಗೆ ಎಂಟರಿಂದ, ಮತ್ತೆ ಸಂಜೆ ನಾಲ್ಕರ ಮೇಲೆ. ಬೆಳಿಗ್ಗೆ ಕೊಯ್ಲು. ಸಂಜೆ ತೂಕ, ಆಮೇಲೆ ಪಲ್ಪಿಂಗ್, ಅಂದರೆ ಮೆಷಿನ್ನಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವುದು. ಪ್ರವಾಸಿಗಳು ಗಿರಿಯಲ್ಲೋ ಫಾಲ್ಸಿನಲ್ಲೋ ಇರುವುದು ಸರಿಯಾಗಿ ಇದೇ ಹೊತ್ತಿನಲ್ಲಿ. ರಾತ್ರಿ ಎಂಟಕ್ಕೆ ಬಂದು ‘ತೋಟ ತೋರಿಸಿ’ ಅನ್ನುತ್ತಾರೆ. ಕತ್ತಲಲ್ಲಿ ಏನು ತೋರಿಸುವುದು? ಕಾಡುಪ್ರಾಣಿ ಓಡಾಡುವ ಜಾಗ ಬೇರೆ.

ನಾಲ್ಕೂವರೆಗೆ ಕೊಯ್ಲಿನವರು ಚೀಲ ಹೊತ್ತು ಕಣಕ್ಕೆ ಬಂದರು. ತೋಟದ ಲೆಕ್ಕ ಬರೆಯುವ ರೈಟರ್ ತಕ್ಕಡಿ ಹತ್ತಿರ ಪುಸ್ತಕ ಹಿಡಿದು ನಿಂತಿದ್ದರು. ಒಬ್ಬೊಬ್ಬರದ್ದೇ ಚೀಲ ತೂಗಿ ಹೆಸರಿನ ಮುಂದೆ ಕೆಜಿ ಬರೆಯುವುದು. ಕೂಲಿ ಅದರ ಮೇಲೆ. ಅಜ್ಜಿ ಕುರ್ಚಿ ಬೇಡ ಅಂತ ಕಣದ ಕಟ್ಟೆಯ ಮೇಲೆ ಕೂತರು. ಅವರ ತವರು ತಿಪಟೂರು ಕಡೆ. ತೆಂಗಿನ ತೋಟದಲ್ಲಿ ಬೆಳೆದವರು. ಒಂದು ಚೀಲ ತೂಗುವಾಗ “ತೂಕದಾಗೆ ಎಲೆ ಎಷ್ಟು ಹೋಯ್ತು?” ಅಂತ ಕೇಳಿದರು. ರೈಟರ್ ತಿರುಗಿ ನೋಡಿ ನಕ್ಕರು. ಅಂಥ ಪ್ರಶ್ನೆ ಕೇಳುವ ಅತಿಥಿಗಳು ಸಿಗುವುದು ಅಪರೂಪ.

ಹುಡುಗ ಒಂದು ಹಣ್ಣು ಬಾಯಿಗೆ ಹಾಕಿಕೊಂಡ. ಮೇಲಿನ ಸಿಪ್ಪೆ ಸಿಹಿ ಇರುತ್ತದೆ. ಒಳಗೆ ಅಂಟು, ಅಂಟಿನೊಳಗೆ ಎರಡು ಬೀಜ. “ಆಂಟಿ, ಇದರಲ್ಲಿ ಕಾಫಿ ಟೇಸ್ಟೇ ಇಲ್ಲ” ಅಂದ. ಸೊಸೆಯ ಮುಖದಲ್ಲೂ ಅದೇ ಪ್ರಶ್ನೆ ಇತ್ತು. ಬೆಂಗಳೂರಿನಲ್ಲಿ ದಿನಕ್ಕೆ ಮೂರು ಸಲ ಕಾಫಿ ಕುಡಿಯುವ ಮನೆಯವರು, ಹಣ್ಣನ್ನು ನೋಡಿದ್ದು ಅದೇ ಮೊದಲು.

ಪಲ್ಪರ್ ಶುರು ಮಾಡಿದ್ದು ಐದೂವರೆಗೆ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು. ಚೀಲದಲ್ಲೇ ಬಿಟ್ಟರೆ ಬಿಸಿಯೇರಿ ಹುಳಿಯುತ್ತದೆ, ಕಾಫಿಯ ರುಚಿ ಕೆಡುತ್ತದೆ. ಮೊದಲು ಹಣ್ಣನ್ನು ನೀರಿಗೆ ಸುರಿಯುತ್ತೇವೆ. ಹುಳ ತಿಂದದ್ದು, ಜೊಳ್ಳು, ಒಣಗಿದ್ದು ತೇಲುತ್ತದೆ. ಅದನ್ನು ತೆಗೆದು ಬೇರೆ ಒಣಗಿಸುವುದು. ಮುಳುಗಿದ ಹಣ್ಣು ಮೆಷಿನ್ನಿಗೆ ಹೋಗುತ್ತದೆ. ಒಂದು ಕಡೆ ಕೆಂಪು ಸಿಪ್ಪೆ, ಇನ್ನೊಂದು ಕಡೆ ಜಾರುವ ಬೀಜ. ಬೀಜ ತೊಟ್ಟಿಯಲ್ಲಿ ಒಂದು, ಒಂದೂವರೆ ದಿನ ಇದ್ದರೆ ಅಂಟು ಬಿಡುತ್ತದೆ. ಚೆನ್ನಾಗಿ ತೊಳೆದು ಕಣದಲ್ಲಿ ಹರಡಿದರೆ, ಒಳ್ಳೆ ಬಿಸಿಲಿದ್ದಾಗ ಏಳರಿಂದ ಹತ್ತು ದಿನಕ್ಕೆ ಪಾರ್ಚ್‌ಮೆಂಟ್, ಅಂದರೆ ತೆಳು ಹೊಟ್ಟಿನೊಳಗಿನ ಒಣ ಬೀಜ, ತಯಾರು. ಸಿಪ್ಪೆ ತೆಗೆಯದೆ ಹಣ್ಣನ್ನು ಹಾಗೇ ಒಣಗಿಸಿದರೆ ಅದು ಚೆರಿ. ಅದಕ್ಕೆ ಇನ್ನೂ ನಾಲ್ಕೈದು ದಿನ ಜಾಸ್ತಿ ಬೇಕು.

ಇದನ್ನೆಲ್ಲ ನಮ್ಮನೆಯವರು ಅಜ್ಜಿಗೆ ಹೇಳುತ್ತಿದ್ದರು. ಅಜ್ಜಿ ಕೇಳಿದರು: “ನಮ್ಮ ಕೊಬ್ಬರೀನ ಅಟ್ಟದ ಮೇಲೆ ಹಾಕಿದ್ರೆ ಹತ್ತು ಹನ್ನೊಂದು ತಿಂಗಳು ಮುಟ್ಟೋ ಹಂಗಿಲ್ಲ. ನಿಮ್ಮದು ಹತ್ತು ದಿನಕ್ಕೇ ಆಗೋಯ್ತದಾ? ಆಯ್ತು ಅಂತ ಹೆಂಗೆ ಗೊತ್ತಾಯ್ತದೆ?”

ನಮ್ಮನೆಯವರು ಒಣಗಿದ ಚೆರಿಯ ರಾಶಿಯಿಂದ ಒಂದು ಹಿಡಿ ತೆಗೆದು ಅವರ ಕೈಗೆ ಕೊಟ್ಟರು. “ಕಿವಿ ಹತ್ತಿರ ಅಲ್ಲಾಡಿಸಿ ನೋಡಿ ಅಮ್ಮ.” ಒಳಗಿನ ಬೀಜ ಗಲಗಲ ಅಂದಿತು. ಅಜ್ಜಿ ಜೋರಾಗಿ ನಕ್ಕುಬಿಟ್ಟರು. ತಿಪಟೂರಿನಲ್ಲೂ ಕೊಬ್ಬರಿ ಆಯಿತೋ ಇಲ್ಲವೋ ಅಂತ ನೋಡುವುದು ಕಾಯಿ ಅಲ್ಲಾಡಿಸಿಯೇ. ಒಳಗೆ ಗಿಟಕು ಬಿಟ್ಟುಕೊಂಡು ಸದ್ದು ಮಾಡಬೇಕು. ಆಮೇಲೆ ಒಂದು ಗಂಟೆ ಇಬ್ಬರೂ ಬೆಲೆ, ಮಂಡಿ, ಅಕಾಲ ಮಳೆ ಅಂತ ಮಾತಾಡುತ್ತಾ ಕೂತರು. ಇಡೀ ಪ್ರವಾಸದಲ್ಲಿ ಅಜ್ಜಿ ಇಷ್ಟು ಮಾತಾಡಿದ್ದು ಇಲ್ಲೇ ಅಂತ ಸೊಸೆ ಆಮೇಲೆ ಹೇಳಿದರು. ಕಾರಿನಲ್ಲಿ ಅವರು ಹಿಂದಿನ ಸೀಟಿನ ಮೂಲೆಯಲ್ಲಿ ಸುಮ್ನೆ ಕೂತಿದ್ದರಂತೆ.

ಕುಟುಂಬದ ಪ್ರವಾಸದಲ್ಲಿ ವಯಸ್ಸಾದವರನ್ನು ‘ಎಲ್ಲಿ ಕೂರಿಸುವುದು’ ಅಂತ ಯೋಚಿಸುತ್ತಾರೆ. ಇಲ್ಲಿ ತೋಟದ ಕೆಲಸ ನೋಡಿ ಅರ್ಥಮಾಡಿಕೊಳ್ಳುವ ಶಕ್ತಿ ಇದ್ದಿದ್ದು ಅವರೊಬ್ಬರಿಗೇ.

ಭಾನುವಾರ ಪಟ್ಟಿ ತಿರುಗಿದ್ದು

ರಾತ್ರಿ ಊಟದ ಹೊತ್ತಿಗೆ ಹುಡುಗ ಅಕ್ಕನಿಗೆ ಪಲ್ಪರ್ ವಿಷಯ ಹೇಳಿ ಹೊಟ್ಟೆ ಉರಿಸಿದ್ದ. ಅವಳಿಗೆ ಬೆಳಿಗ್ಗೆ ಹಣ್ಣು ಕೊಯ್ಯಲೇಬೇಕು. ನಮ್ಮಲ್ಲಿ ಆಳುಗಳಿಗೆ ರಜೆ ಸಂತೆ ದಿನ, ಭಾನುವಾರ ಅಲ್ಲ. ಹಾಗಾಗಿ ಕೊಯ್ಲು ಇತ್ತು.

ಅಪ್ಪನಿಗೆ ಬಾಬಾಬುಡನ್‌ಗಿರಿ ಬಿಡಲು ಮನಸ್ಸಿರಲಿಲ್ಲ. ಏಳು ಬೀಜದ ಕಥೆ ಇರುವುದು ಅಲ್ಲೇ ಅಲ್ವಾ ಅಂದರು. ನಿಜ. 17ನೇ ಶತಮಾನದಲ್ಲಿ ಬಾಬಾ ಬುಡನ್ ಹಜ್‌ನಿಂದ ಬರುವಾಗ ಯೆಮನ್ನಿನ ಮೋಕಾದಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರು ಅನ್ನುವುದು ಇಲ್ಲಿನ ಎಲ್ಲರ ಬಾಯಲ್ಲಿರುವ ಕಥೆ. ಆ ಕಥೆ ಕೇಳಿ ಎಷ್ಟೋ ಜನ ಮೇಲೆ ಹೋಗುತ್ತಾರೆ. ಅಲ್ಲಿ ಗುಹೆ ಇದೆ, ಭಕ್ತರಿದ್ದಾರೆ, ಸುತ್ತ ಹುಲ್ಲುಗಾವಲು, ಸಂದಿನಲ್ಲಿ ಶೋಲಾ ಕಾಡು. ಆ ಹುಲ್ಲಿನ ನೆತ್ತಿಯಲ್ಲಿ ಕಾಫಿ ಇಲ್ಲ. ಅರೇಬಿಕಾ ಬೆಳೆಯುವುದು ಅದಕ್ಕಿಂತ ಕೆಳಗೆ, ಹೆಚ್ಚಾಗಿ 1,000ದಿಂದ 1,500 ಮೀಟರ್ ಎತ್ತರದಲ್ಲಿ, ಮರದ ನೆರಳಲ್ಲಿ. ದೇವರಿಗೆ ಅಂತ ಹೋಗುವುದಾದರೆ ಅದು ಬೇರೆ ಮಾತು. ಕಾಫಿಗೆ ಅಂತ ಹೋಗುವುದಾದರೆ ಕಾಫಿ ತೋಟಗಳನ್ನೇ ಸುಮ್ನೆ ದಾಟಿಕೊಂಡು ಹೋಗಿಬಿಡುತ್ತಾರೆ.

ಕೊನೆಗೆ ಹುಡುಗನ ವಾಂತಿಯೇ ಗೆದ್ದಿತು. ಗಿರಿ ಬಿಟ್ಟರು. ಝರಿ ಫಾಲ್ಸನ್ನೂ ಬಿಟ್ಟರು.

ಎಂಟು ಗಂಟೆಗೆ ಸೊಸೆ, ಇಬ್ಬರು ಮಕ್ಕಳು, ನಾನು ಕೊಯ್ಲಿನ ಪಟ್ಟೆಗೆ ಹೋದೆವು. ಅಲ್ಲಿ ಒಂದು ಸೂಕ್ಷ್ಮ ಇದೆ. ಹೊರಗಿನವರಿಗೆ ಇದು ಗೊತ್ತಾಗುವುದಿಲ್ಲ. ಕೂಲಿ ಕೆಜಿ ಲೆಕ್ಕದಲ್ಲಿ. ಅತಿಥಿಗಳು ಕೊಯ್ಯುವವರನ್ನು ನಿಲ್ಲಿಸಿ ‘ಎಲ್ಲಿಂದ ಬಂದಿದ್ದೀರಿ, ಎಷ್ಟು ಸಿಗುತ್ತೆ’ ಅಂತ ಮಾತಾಡಿಸಿದಷ್ಟು ಹೊತ್ತು ಅವರ ದುಡ್ಡು ಹೋಗುತ್ತದೆ. ಹಾಗಾಗಿ ನಮ್ಮಲ್ಲಿ ಒಂದು ಕ್ರಮ ಇಟ್ಟಿದ್ದೇವೆ. ಅತಿಥಿಗಳು ಯಾರ ಸಾಲಿನಲ್ಲಿ ನಿಂತು ಕೊಯ್ಯುತ್ತಾರೋ ಆ ಹಣ್ಣು ಆ ಸಾಲಿನವರ ಚೀಲಕ್ಕೆ ಹೋಗಬೇಕು. ಫೋಟೋ ತೆಗೆಯುವುದಾದರೆ ಕೇಳಿ ತೆಗೆಯಬೇಕು. ಆ ದಿನ ಒಬ್ಬಾಕೆ “ನನ್ನದು ಬೇಡ” ಅಂದಳು. ಹುಡುಗಿ ಫೋನ್ ಒಳಗಿಟ್ಟಳು. ವಿಷಯ ಅಲ್ಲಿಗೆ ಮುಗಿಯಿತು.

ಈಗ ಕೊಯ್ಲಿಗೆ ಊರಿನವರು ಸಾಲುವುದಿಲ್ಲ. ಅಸ್ಸಾಂ ಕಡೆಯಿಂದ ಬಂದವರು ಇಲ್ಲಿನ ಸುಮಾರು ತೋಟಗಳಲ್ಲಿ ಆಳುಗಳಿಗೆ ಅಂತ ಕಟ್ಟಿದ ಲೈನ್ ಮನೆಗಳಲ್ಲಿದ್ದಾರೆ. ನಮ್ಮಲ್ಲೂ ಇದ್ದಾರೆ. ಅವರಿಗೆ ಕನ್ನಡ ಅಷ್ಟಕ್ಕಷ್ಟೇ, ಹುಡುಗಿಯ ಹಿಂದಿಯೂ ಅಷ್ಟಕ್ಕಷ್ಟೇ. ಆದರೂ ಕೆಂಪಾದದ್ದನ್ನು ಮಾತ್ರ ಬೆರಳಲ್ಲಿ ತಿರುಚಿ ಬಿಡಿಸಬೇಕು, ರೆಂಬೆ ಎಳೆಯಬಾರದು ಅನ್ನುವುದನ್ನು ಒಬ್ಬಳು ಕೈಹಿಡಿದು ಹೇಳಿಕೊಟ್ಟಳು. ಹಸಿರುಕಾಯಿ ಬಿದ್ದರೆ ಚೀಲದಿಂದ ಆರಿಸಿ ಹೊರಗೆ ಹಾಕುತ್ತಿದ್ದಳು. ಹಸಿರು ಸೇರಿದರೆ ಪಲ್ಪರಿನಲ್ಲಿ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ, ಕಾಫಿಯೂ ಒಗರಾಗುತ್ತದೆ.

ಒಂದೂವರೆ ಗಂಟೆಯಲ್ಲಿ ಅಕ್ಕ-ತಮ್ಮ ಕೊಯ್ದದ್ದು ಮೂರು ಕೆಜಿಗೆ ಸ್ವಲ್ಪ ಕಮ್ಮಿ. ಕೈ ಪಳಗಿದವರು ಗಿಡದಲ್ಲಿ ಹಣ್ಣು ತುಂಬಿದ್ದರೆ ದಿನಕ್ಕೆ 50 ಕೆಜಿ ದಾಟಿಸುತ್ತಾರೆ. ಹುಡುಗಿ ಲೆಕ್ಕ ಕೇಳಿದಳು. ಅರೇಬಿಕಾದಲ್ಲಿ ಹೆಚ್ಚುಕಡಿಮೆ ಆರು ಕೆಜಿ ಹಣ್ಣಿಗೆ ಒಂದು ಕೆಜಿ ಬೀಜ. ಹುರಿದರೆ ತೂಕ ಇನ್ನೂ ಇಳಿಯುತ್ತದೆ. “ಹಾಗಾದ್ರೆ ನಾವಿಬ್ರು ಕೊಯ್ದಿದ್ದು ಅರ್ಧ ಕೆಜಿ ಪುಡೀನೂ ಆಗಲ್ವಾ?” ಅಂದಳು. ಆಗಲ್ಲ ಅಂದೆ. ತಮ್ಮನಿಗೆ ಬೇಜಾರಾಯಿತು. ಅವನು ಆಗಲೇ ಅದನ್ನು ಮಾರಲು ಹೊರಟಿದ್ದ.

ಹತ್ತು ಗಂಟೆಗೆ ನಮ್ಮ ಅತ್ತೆ ಬಾಣಲೆ ಇಟ್ಟರು. ಅತಿಥಿಗಳಿಗೆ ನಾವು ತೋರಿಸುವುದರಲ್ಲಿ ನನಗೆ ಇಷ್ಟವಾದದ್ದು ಇದೇ. ಹಸಿ ಬೀಜವನ್ನು ಮೂಸಿದರೆ ಕಾಫಿಯ ವಾಸನೆ ಇರುವುದಿಲ್ಲ, ಒಣಹುಲ್ಲಿನ ವಾಸನೆ. ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯುತ್ತಾ ಹೋದರೆ ಹಳದಿ, ಆಮೇಲೆ ಕಂದು. ಚಟಪಟ ಸಿಡಿಯುವ ಹೊತ್ತಿಗೆ ಅಡುಗೆಮನೆಯಿಂದ ಅಂಗಳದವರೆಗೂ ಕಾಫಿ ಘಮ. ಕಾಫಿಯ ವಾಸನೆ ಅಂತ ನಾವು ಅನ್ನುವುದು ಹುಟ್ಟುವುದೇ ಬಾಣಲೆಯಲ್ಲಿ. ಹುಡುಗ ಎರಡು ಕೈಯಲ್ಲಿ ಎರಡು ಬೀಜ ಹಿಡಿದು ಒಮ್ಮೆ ಇದನ್ನು, ಒಮ್ಮೆ ಅದನ್ನು ಮೂಸುತ್ತಾ ಅಂಗಳ ಸುತ್ತಿದ.

ಆ ಪುಡಿಯಲ್ಲೇ ಬೆಲ್ಲದ ಕಾಫಿ ಮಾಡಿಕೊಟ್ಟೆವು. ಸೊಸೆ ಒಂದು ಗುಟುಕು ಕುಡಿದು, ಮುಚ್ಚುಮರೆ ಇಲ್ಲದೆ ಹೇಳಿದರು: “ತೆಳ್ಳಗಿದೆ ಅಲ್ವಾ?” ತೆಳ್ಳಗೇ ಇರುತ್ತದೆ. ಅವರ ಮನೆಯ ಪುಡಿಯಲ್ಲಿ ಚಿಕೋರಿ ಇದೆ. ಡಿಕಾಕ್ಷನ್ನಿಗೆ ಆ ಬಣ್ಣ, ಆ ಗಟ್ಟಿತನ ಬರುವುದು ಸುಮಾರುಮಟ್ಟಿಗೆ ಚಿಕೋರಿಯಿಂದ. ಅದನ್ನು ಕೀಳು ಅಂತ ನಾನು ಹೇಳುವುದಿಲ್ಲ. ತೋಟದವರ ಎಷ್ಟೋ ಮನೆಗಳಲ್ಲಿ ಚಿಕೋರಿ ಹಾಕಿಯೇ ಕುಡಿಯುತ್ತಾರೆ. ನಮ್ಮ ಮಾವನವರಿಗೂ ಅದೇ ಬೇಕಿತ್ತು.

ಅಪ್ಪ ಈ ಹೊತ್ತಿನಲ್ಲಿ ಎಲ್ಲಿದ್ದರು? ಜಗಲಿಯಲ್ಲಿ ಮಲಗಿದ್ದರು. ವಾರಾಂತ್ಯದಲ್ಲಿ ಗಾಡಿ ಓಡಿಸುವವರಿಗೂ ರಜೆ ಬೇಕು ಅನ್ನುವುದು ಪಟ್ಟಿ ಬರೆಯುವಾಗ ಯಾರ ತಲೆಗೂ ಬರುವುದಿಲ್ಲ. ಬರೆದವರೇ ಅವರು.

ನಮ್ಮ ಕಡೆಯ ಲೆಕ್ಕ

ಇದನ್ನು ಓದಿ ಎಲ್ಲರೂ ಜನವರಿಯಲ್ಲಿ ಕೊಯ್ಲಿಗೆ ಬರುತ್ತೇವೆ ಅಂದರೆ ನಮಗೆ ಕಷ್ಟ. ತೋಟ ನೋಡಲು ಚೆನ್ನಾಗಿರುವ ಹೊತ್ತಿನಲ್ಲೇ ತೋಟದವರಿಗೆ ಪುರುಸೊತ್ತು ಇರುವುದಿಲ್ಲ. ಅರೇಬಿಕಾ ನವೆಂಬರಿನಿಂದ ಜನವರಿ, ಅದು ಮುಗಿಯುವ ಮೊದಲೇ ರೋಬಸ್ಟಾ, ಅದರ ಹಿಂದೆಯೇ ಮೆಣಸು. ಕಣದ ಮೇಲೆ ಚಪ್ಪಲಿ ಹಾಕಿಕೊಂಡು ಮಕ್ಕಳು ಓಡಿದರೆ ಪಾರ್ಚ್‌ಮೆಂಟಿಗೆ ಮಣ್ಣು. ಪಲ್ಪರ್ ಹತ್ತಿರ ಒಬ್ಬರು ದೊಡ್ಡವರು ಕಾವಲು ನಿಲ್ಲಬೇಕು. ಇನ್ನೊಂದು ಹೊಸ ತಲೆನೋವು. 2025ರ ಶುರುವಿನಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದಷ್ಟು ಏರಿದ ಮೇಲೆ ಕಣದ ಕಾಫಿಗೆ ಕಳ್ಳರ ಭಯ ಜಾಸ್ತಿಯಾಗಿದೆ. ಗುರುತಿಲ್ಲದವರು ತೋಟದೊಳಗೆ ತಿರುಗಿದರೆ ಅಕ್ಕಪಕ್ಕದವರು ಫೋನ್ ಮಾಡಿ ಕೇಳುತ್ತಾರೆ. ಹಾಗಾಗಿ ಕೊಯ್ಲಿನ ತಿಂಗಳುಗಳಲ್ಲಿ ನಾವು ಒಂದು ಸಲಕ್ಕೆ ಒಂದೇ ಕುಟುಂಬವನ್ನು ಇಟ್ಟುಕೊಳ್ಳುತ್ತೇವೆ. ಉಳಿದ ಎರಡು ರೂಮಿಗೆ ಬೀಗ. ದುಡ್ಡಿನ ಲೆಕ್ಕದಲ್ಲಿ ಅದು ನಷ್ಟವೇ.

ಮಳೆಗಾಲದಲ್ಲಿ ಬನ್ನಿ ಅಂತ ಹೇಳಿದರೆ ಜನ ಮಂಜು, ಹಸಿರು ಅಂತ ಖುಷಿಯಿಂದ ಬರುತ್ತಾರೆ. ಇಂಬಳ, ಅಂದರೆ ಜಿಗಣೆ, ಕಾಲಿಗೆ ಹತ್ತಿದ ಮೇಲೆ ರೂಮು ಬಿಟ್ಟು ಹೊರಗೆ ಬರುವುದಿಲ್ಲ.

ಈ ಕುಟುಂಬ ಮಧ್ಯಾಹ್ನದ ಕಡುಬು ಊಟ ಮುಗಿಸಿ ಒಂದೂವರೆಗೆ ಹೊರಟಿತು. ಹೋಗುವಾಗ ಹಾಸನದ ದಾರಿ ಬಿಟ್ಟು ಕಡೂರು, ಅರಸೀಕೆರೆ ಮೇಲೆ ಹೋದರು. ತಿರುವು ಕಮ್ಮಿ ಅಂತ ಹುಡುಗನಿಗೂ ಆಯಿತು, ತಿಪಟೂರಿನಲ್ಲಿ ತಮ್ಮನ ಮನೆಗೆ ಹೋದ ಹಾಗೂ ಆಯಿತು ಅಂತ ಅಜ್ಜಿಗೂ ಆಯಿತು. ಅಜ್ಜಿಯ ಚೀಲದಲ್ಲಿ ಒಂದು ಹಿಡಿ ಚೆರಿ ಇತ್ತು, ತಮ್ಮನಿಗೆ ಅಲ್ಲಾಡಿಸಿ ತೋರಿಸಲು.

ಎಲ್ಲರಿಗೂ ಒಂದೇ ಥರ ಹಿಡಿಸಿತು ಅಂತಲ್ಲ. ಯಾವುದು ಇಷ್ಟವಾಯಿತು ಅಂತ ಕೇಳಿದಾಗ ಹುಡುಗಿ ಹೇಳಿದ್ದು ಮುಳ್ಳಯ್ಯನಗಿರಿ. ಕೊಯ್ಲು ಅವಳಿಗೆ ಅರ್ಧ ಗಂಟೆ ಮಜಾ, ಆಮೇಲೆ ಬಿಸಿಲು. ಅಪ್ಪನಿಗೆ ಝರಿ ಫಾಲ್ಸ್ ತಪ್ಪಿದ್ದು ಇನ್ನೂ ಬೇಸರವೇ. ಆದರೆ ಇಡೀ ಕುಟುಂಬದಲ್ಲಿ ಕಾರಿನಲ್ಲಿ ಎಲ್ಲರಿಗಿಂತ ಜಾಸ್ತಿ ನರಳಿದ ಇಬ್ಬರಿಗೆ, ಅಜ್ಜಿಗೆ ಮತ್ತು ಚಿಕ್ಕವನಿಗೆ, ತೋಟವೇ ಬೇಕಿತ್ತು. ಅವರಿಬ್ಬರನ್ನು ಕೇಳಿ ಪಟ್ಟಿ ಮಾಡಿದ್ದರೆ ಶನಿವಾರ ಬೇಲೂರು ಮುಗಿಸಿ ನೇರ ಇಲ್ಲಿಗೆ ಬರುತ್ತಿದ್ದರು. ಬೆಟ್ಟಕ್ಕೆ ಹೋಗುವವರು ಭಾನುವಾರ ಬೆಳಗಿನ ಪಾಳಿಗೆ ಹೋಗಿ, ಉಳಿದವರು ಕೊಯ್ಲು ಮುಗಿಸುವಷ್ಟರಲ್ಲಿ ಇಳಿದು ಬರಬಹುದಿತ್ತು. ಬೆಳಿಗ್ಗೆ ಬೇಗ ಹೋದರೆ ರಸ್ತೆಯೂ ಖಾಲಿ.

ಫೆಬ್ರವರಿಯಲ್ಲಿ ಸೊಸೆ ಫೋನ್ ಮಾಡಿದ್ದರು. ಅತ್ತೆಗೆ ಕಾಫಿ ಹೂವು ನೋಡಬೇಕಂತೆ, ಯಾವ ಶನಿವಾರ ಬರಲಿ ಅಂತ. ಹೂಮಳೆ ಬಿದ್ದ ಎಂಟೊಂಬತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ವಾಸನೆ, ಮೂರ್ನಾಲ್ಕು ದಿನ ಇದ್ದು ಉದುರುತ್ತದೆ. ಮಳೆ ಮಾರ್ಚಿಗೋ ಏಪ್ರಿಲ್ಲಿಗೋ, ಅದು ನಮ್ಮ ಕೈಲಿಲ್ಲ. “ಮಳೆ ಬಿದ್ದ ದಿನ ಮೆಸೇಜ್ ಹಾಕ್ತೀನಿ. ಅಲ್ಲಿಂದ ಎಣಿಸ್ಕೊಂಡು ಬನ್ನಿ” ಅಂದೆ.

“ಅದು ಬುಧವಾರ ಬಂದ್ರೆ?” ಅಂದರು.

“ಬುಧವಾರವೇ ಬನ್ನಿ. ಗಿರಿ ರಸ್ತೇಲಿ ಜನಾನೂ ಇರಲ್ಲ.”